ಅವ್ವನ ಕೋಣೆಯ ಕೆಂಪು ನೆಲ

ನೆಲ ಹೇಗಿದೆ ಅಂತ ತಿಳಿಯುವುದಕ್ಕೆ ನಮ್ಮವ್ವ ಕಣ್ಣನ್ನು ನಂಬುತ್ತಿರಲಿಲ್ಲ. ಬಗ್ಗಿ, ಕೈಯನ್ನು ಮಗುಚಿ, ಅದರ ಹಿಂಬದಿಯನ್ನು ನೆಲಕ್ಕೆ ತಾಗಿಸಿ ಮೆಲ್ಲಗೆ ಎಳೆಯುತ್ತಿದ್ದಳು. ಅಂಗೈ ದುಡಿದು ದುಡಿದು ಜಡ್ಡುಗಟ್ಟಿರುತ್ತೆ, ಅದಕ್ಕೆ ಏನೂ ಗೊತ್ತಾಗಲ್ಲ ಅನ್ನುವುದು ಅವಳ ವಾದ. ವಿದ್ಯಾರಣ್ಯಪುರಂನಲ್ಲಿ ನಾನು ಕೊಂಡ ಹಳೇ ಮನೆಯನ್ನು ತೋರಿಸಲು ಕರೆದುಕೊಂಡು ಹೋದ ದಿನವೂ ಅವಳು ಮೊದಲು ಮಾಡಿದ್ದು ಅದನ್ನೇ. ನೆಲ ಅಲ್ಲಲ್ಲಿ ಕುಸಿದಿತ್ತು. ಬಿರುಕಿನಿಂದ ಇರುವೆಗಳು ಮಣ್ಣು ಎತ್ತಿ ಹಾಕಿದ್ದವು.

"ಇದೆಲ್ಲಾ ತೆಗೆಸ್ಬೇಕು ಕಣಪ್ಪ" ಅಂದಳು.

"ತೆಗೆಸ್ತೀನವ್ವ. ನಿಂಗೆ ಯಾವ ನೆಲ ಬೇಕು ಹೇಳು. ಮೊಸಾಯಿಕ್ ಹಾಕಿಸ್ಲಾ?"

"ಕೆಂಪು ನೆಲ ಮಾಡಿಸ್ಕೊಡು. ನನ್ ಕೋಣೆ ಒಂದಕ್ಕೆ ಆದ್ರೂ ಸಾಕು."

ಕಾರಣ ನಾನು ಕೇಳಬೇಕಾಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಅಗ್ರಹಾರದ ಒಬ್ಬ ವಕೀಲರ ಮನೆಯಲ್ಲಿ ಕಸ ಮುಸುರೆ ಮಾಡಿ ನನ್ನನ್ನು ಸಾಕಿದಳು. ಆ ಮನೆಯದು ಪೂರಾ ಕೆಂಪು ನೆಲ. ವಾರಕ್ಕೊಂದು ಸಲ ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಲ್ಲಿ ಮಂಡಿಯೂರಿ ಉಜ್ಜಬೇಕು, ಮುಖ ಕಾಣುವಷ್ಟು ಹೊಳೆಯಬೇಕು. ಅದನ್ನೇ ಅವತ್ತು ನೆನೆಸಿಕೊಂಡಳು.

"ಅಷ್ಟ್ ವರ್ಸ ಒರೆಸ್ದೆ. ಒಂದ್ ದಿನಾನೂ ಅದ್ರ ಮೇಲೆ ಕೂತಿಲ್ಲ. ನನ್ ನೆಲದ ಮೇಲೆ ಕಾಲ್ ನೀಡ್ಕೊಂಡು ಕೂತ್ಕೋಬೇಕು ಕಣಪ್ಪ, ಅಷ್ಟೇ."

ಮಾಡಿಸಿಕೊಡ್ತೀನಿ ಅಂತ ಮಾತು ಕೊಟ್ಟೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೇಸಿಗೆ ಅದು. ಆಷಾಢಕ್ಕೆ ಮುಂಚೆ ಗೃಹಪ್ರವೇಶ ಮುಗಿಸಬೇಕು ಅಂತ ಮುಹೂರ್ತ ಇಡಿಸಿದ್ದೆ.

ನನ್ನ ಕಸುಬು ಕೆಡವಿದ ಮನೆಗಳ ಸಾಮಾನಿನದು. ಹಳೇ ಮನೆ ಕೆಡವುವವರ ಹತ್ತಿರ ಬಾಗಿಲು, ಕಿಟಕಿ, ತೊಲೆ ಎಲ್ಲಾ ಒಟ್ಟಾಗಿ ಮಾತಾಡಿ ತಂದು, ಬನ್ನಿಮಂಟಪದ ಕಡೆ ಇದ್ದ ನನ್ನ ಶೆಡ್ಡಿನಲ್ಲಿ ಬಿಡಿಬಿಡಿಯಾಗಿ ಮಾರುತ್ತಿದ್ದೆ. ಸಾವಿರಾರು ಗೋಡೆಗಳ ಒಳಗನ್ನು ನೋಡಿದವನು ಅಂತ ನನಗೆ ಜಂಬ. ಆ ಜಂಬ ಪೂರಾ ಸುಳ್ಳೂ ಅಲ್ಲ. ಆ ಮನೆಯ ಅರ್ಧ ರಿಪೇರಿಯನ್ನು ನಾನೇ ಮಾಡಿದೆ. ಸೋರುವ ಕೊಳಾಯಿಗಳಿಗೆ ವಾಷರ್ ಹಾಕಿದೆ. ಜೋತುಬಿದ್ದ ಬಾಗಿಲುಗಳ ಕೀಲು ಬದಲಾಯಿಸಿದೆ. ಸುಣ್ಣ ನಾನೇ ಹೊಡೆದೆ. ಈಗಲೂ ಕೇಳಿದವರಿಗೆ ಹೇಳುತ್ತೇನೆ: ವಾಷರ್ ಹಾಕುವುದಕ್ಕೆ ಯಾರನ್ನೂ ಕರೆಯಬೇಡಿ, ಕರೆದರೆ ಅವನು ಕೊಳಾಯಿಯನ್ನೇ ಬದಲಾಯಿಸಬೇಕು ಅನ್ನುತ್ತಾನೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾದರೆ ಬಡಗಿಯನ್ನು ಕರೆದು ಕೆತ್ತಿಸಬೇಡಿ, ಬಿಸಿಲು ಬರುವತನಕ ತಡೆಯಿರಿ, ಅದೇ ಸರಿಹೋಗುತ್ತೆ. ಕರೆಂಟಿನ ಕೆಲಸಕ್ಕೆ ಮಾತ್ರ ಕಲಿತವನೇ ಬರಲಿ.

ಇದರ ಜೊತೆ ಇನ್ನೊಂದು ನಿಯಮವೂ ನನ್ನ ಹತ್ತಿರ ಇತ್ತು. ಕೆಲಸದವನು ಹೇಳುವ ಯಾವ ಲೆಕ್ಕದಲ್ಲೂ ಮೂರರಲ್ಲೊಂದು ಪಾಲು ಗಾಳಿ. ದಿನ, ಮರಳು, ಸಿಮೆಂಟು, ಏನೇ ಹೇಳಲಿ, ಮೂರರಲ್ಲೊಂದು ಪಾಲು ಮನಸ್ಸಿನಲ್ಲೇ ಕಳೆದುಬಿಡಬೇಕು. ಆ ನಿಯಮ ಒಂದು ದಿನವೂ ನನ್ನ ಕೈ ಬಿಟ್ಟಿರಲಿಲ್ಲ.

ಕೆಂಪು ನೆಲ ಮಾಡುವವರು ಆಗಲೇ ಕಡಿಮೆಯಾಗಿದ್ದರು. ಶೆಡ್ಡಿಗೆ ಬರುವ ಗಾರೆಯವರನ್ನೆಲ್ಲ ವಿಚಾರಿಸಿ ಕೊನೆಗೆ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಹಿಡಿದೆ. ಗಂಡ ಹೆಂಡತಿ ಇಬ್ಬರೇ ಕೆಲಸ ಮಾಡುವವರು. ಆತ ಕರಣೆಯಿಂದ ನೆಲ ಎಳೆದು ನುಣುಪು ಮಾಡಿದರೆ ಆಕೆ ಜರಡಿ ಹಿಡಿದು, ಕಲಸಿ ಕೊಡುವಳು. ಹಜಾರ ಮತ್ತು ಅವ್ವನ ಕೋಣೆ ಎರಡಕ್ಕೆ ಕೆಂಪು ನೆಲ, ಮಿಕ್ಕದ್ದಕ್ಕೆ ಕಡಪ ಕಲ್ಲು ಅಂತ ಮಾತಾಯಿತು. ಕೂಲಿಯ ಮಾತು ಬಂದಾಗ ನಾನು ರೂಢಿಯಂತೆ ಅರ್ಧದಿಂದ ಶುರುಮಾಡಿದೆ. ಮೇಸ್ತ್ರಿ ಚೌಕಾಶಿಗೆ ಇಳಿಯಲಿಲ್ಲ.

"ಆಗ್ಲಿ ಯಜಮಾನ್ರೇ, ಕೂಲಿ ಕಮ್ಮಿ ಮಾಡ್ಕೊಳ್ಳಿ. ದಿನ ಮಾತ್ರ ಕಮ್ಮಿ ಮಾಡ್ಬ್ಯಾಡಿ. ನೆಲ ಎಳ್ದ ಮೇಲೆ ಹತ್ತು ದಿನ ನೀರು ನಿಲ್ಲಬೇಕು. ಒಂಬತ್ತೂ ಅಲ್ಲ."

ಇಷ್ಟು ಸುಲಭಕ್ಕೆ ಕೂಲಿ ಇಳಿಸಿದನೆಂದರೆ ದಿನದಲ್ಲಿ ಗಾಳಿ ಸೇರಿಸಿದ್ದಾನೆ ಅಂತ ನಾನು ಅಲ್ಲೇ ಗುರುತು ಹಾಕಿಕೊಂಡೆ.

ಅವನು ಇನ್ನೊಂದು ಮಾತೂ ಹೇಳಿದ. ಅವ್ವನ ಕೋಣೆಗೆ ಹೋಗುವುದು ಹಜಾರವನ್ನು ದಾಟಿಕೊಂಡೇ. ಹಾಗಾಗಿ ಒಳಗಿನ ಕೋಣೆ ಮೊದಲು ಮುಗಿಸಿ, ಹಿಂದೆ ಹಿಂದೆ ಸರಿಯುತ್ತಾ ಹಜಾರಕ್ಕೆ ಬರೋಣ ಅಂದ.

"ಮೊದ್ಲು ಹಜಾರ ಆಗ್ಲಿ ಮೇಸ್ತ್ರಿ. ಬಂದೋರು ಹೋದೋರು ನೋಡೋದು ಅದನ್ನೇ ಅಲ್ವಾ?"

"ಬಂದೋರು ನೋಡ್ಬುಟ್ಟು ಹೋಯ್ತಾರೆ. ಮನ್ಗೋರು ಒಳಗಡೆ ಅಲ್ವಾ ಯಜಮಾನ್ರೇ?"

ನಾನು ನಕ್ಕು, ಹಜಾರವೇ ಮೊದಲು ಅಂದೆ.

ಅವನ ಕೆಲಸವನ್ನು ನಾನು ಬಾಗಿಲ ಹೊಸಲಿನ ಮೇಲೆ ಕೂತು ನೋಡಿದೆ. ಹಿಂದಿನ ಸಂಜೆಯೇ ಬಂದು, ಕೂಲಿಯವರು ಹಾಕಿಹೋಗಿದ್ದ ಕಾಂಕ್ರೀಟಿಗೆ ಕೊಡಗಟ್ಟಲೆ ನೀರು ಕುಡಿಸಿದ. ಬೆಳಿಗ್ಗೆ ಕಿಟಕಿಗಳನ್ನೆಲ್ಲ ಮುಚ್ಚಿದ. ಗಾಳಿ ಆಡಿದರೆ ಮೇಲ್ಗಡೆ ಒಣಗಿ ಒಳಗೆ ಹಸಿ ಉಳಿಯುತ್ತೆ ಅಂತ. ಸಿಮೆಂಟು ಮರಳಿನ ಗಾರೆ ಹಾಕಿ ಮಟ್ಟ ಮಾಡಿದ. ಅದು ಹಸಿಯಾಗಿರುವಾಗಲೇ ಮೇಲೆ ಕೆಂಪು ಪಾಕ ಬಿತ್ತು. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಕೆಂಪು ಬಣ್ಣ. ನಾನು ತಂದುಕೊಟ್ಟಿದ್ದ ಬಣ್ಣವನ್ನೂ ಸಿಮೆಂಟನ್ನೂ ಆತನ ಹೆಂಡತಿ ಮನೆಗೆ ಒಯ್ದು, ಹಳೇ ಸೀರೆಯ ಬಟ್ಟೆಯಲ್ಲಿ ಐದಾರು ಸಲ ಸೋಸಿ, ಒಣದರಲ್ಲೇ ಬೆರೆಸಿ ಡಬ್ಬದಲ್ಲಿ ತಂದಿದ್ದಳು. ಆಮೇಲೆ ಕರಣೆ ಹಿಡಿದು ಕೂತ ಮೇಸ್ತ್ರಿ ಮಧ್ಯಾಹ್ನದ ತನಕ ಏಳಲಿಲ್ಲ. ಒಂದು ಸಲ ಎಳೆಯುವುದು, ಕಾಯುವುದು, ಹೆಬ್ಬೆರಳು ಒತ್ತಿ ನೋಡುವುದು, ಮತ್ತೆ ಎಳೆಯುವುದು. ಹೆಬ್ಬೆರಳಿನ ಗುರುತು ಬೀಳಬೇಕು, ಆದರೆ ಬೆರಳಿಗೆ ಬಣ್ಣ ಅಂಟಬಾರದು. ಅದೇ ಹದ. ಊಟವನ್ನು ಹೆಂಡತಿ ತುತ್ತು ಮಾಡಿ ಬಾಯಿಗೆ ಇಟ್ಟಳು.

ನಾನು ಕೇಳಿದ್ದಕ್ಕೆಲ್ಲ ಅವನು ಉತ್ತರ ಕೊಟ್ಟ. ಒಂದನ್ನೂ ಮುಚ್ಚಿಡಲಿಲ್ಲ. ಮಧ್ಯೆ ಎದ್ದರೆ ಏನಾಗುತ್ತೆ ಅಂದೆ. "ಎದ್ರೆ ಅದು ನಮ್ಮ ಕೈಯಿಂದ ಹೋಯ್ತದೆ. ಆಮೇಕೆ ನೀರ್ ಚಿಮುಕ್ಸಿ ಎಳೆದ್ರೆ ನುಣ್ಣಗೆ ಕಾಣ್ತದೆ, ಆದ್ರೆ ಅದು ನೆಲ ಅಲ್ಲ, ಪುಡಿ" ಅಂದ.

ಅವ್ವ ದಿನಾ ಬರುತ್ತಿದ್ದಳು. ಅವಳದೂ ಮೇಸ್ತ್ರಿಯದೂ ಮಾತು ಬೇರೆಯದೇ ಆಗಿತ್ತು.

"ಎಣ್ಣೆ ಯಾವಾಗ ಹಚ್ಚೀಯಪ್ಪ ಮೇಸ್ತ್ರಿ?"

"ನೀರು ತೆಗ್ದು ಒಂದ್ ವಾರ ಬುಟ್ಟು ಕಣವ್ವ."

"ವಕೀಲ್ರ ಮನೇಲಿ ನಾನು ಸೀಮೆಣ್ಣೆ ಒಂದ್ ತೊಟ್ಟು ಸೇರಿಸ್ತಿದ್ದೆ. ಇರುವೆ ಬರ್ತಿರಲಿಲ್ಲ."

ಮೇಸ್ತ್ರಿ ಕರಣೆ ನಿಲ್ಲಿಸಿ ನೋಡಿದ. "ನೀವು ನನಗಿಂತ ಹೆಚ್ಚು ನೆಲ ನೋಡೀರಿ ಬುಡಿ. ನಿಮ್ ಕೋಣೆ ನೋಡಿ ಎಂಗೆ ಮಾಡ್ತೀನಿ. ಕೈ ಇಟ್ರೆ ಜಾರ್ಬೇಕು."

ಹಜಾರಕ್ಕೆ ನೀರು ಕಟ್ಟಿ ನಿಲ್ಲಿಸಿದ ಹತ್ತು ದಿನವೂ ಒಳಗಿನ ಕೋಣೆಗೆ ಯಾರೂ ಕಾಲಿಡುವ ಹಾಗಿರಲಿಲ್ಲ. ನೀರು ತೆಗೆದಾಗ ಗೃಹಪ್ರವೇಶಕ್ಕೆ ಉಳಿದದ್ದು ಎಂಟು ದಿನ. ಹಜಾರ ಮೊದಲು ಅಂತ ಹಟ ಹಿಡಿದಿದ್ದಕ್ಕೆ ತೆತ್ತ ದಿನಗಳು ಅವು. ಆಗ ಅದು ನನಗೆ ಹಾಗೆ ಕಾಣಲಿಲ್ಲ.

ಮೇಸ್ತ್ರಿ ಬಂದು, ಬೆರಳು ಮಡಿಸಿ ಎಣಿಸಿ, ತಲೆ ಅಲ್ಲಾಡಿಸಿದ. "ಎಂಟು ದಿನಕ್ಕೆ ನನ್ ಕೈಲಾಗಲ್ಲ. ಗೃಹಪ್ರವೇಶ ಮುಗಿಸ್ಬುಡಿ. ಅವ್ವನ ಕೋಣೆ ಆಮೇಲೆ ನಿಧಾನಕ್ಕೆ ಮಾಡ್ತೀನಿ, ಆತುರ ಬ್ಯಾಡ."

"ನಾಲ್ಕ್ ದಿನ ನೀರು ಸಾಲಲ್ವಾ ಮೇಸ್ತ್ರಿ? ಸಣ್ಣ ಕೋಣೆ."

"ಕೋಣೆ ಸಣ್ಣದಾದ್ರೆ ಸಿಮೆಂಟಿಗೆ ಗೊತ್ತಾಯ್ತದಾ ಯಜಮಾನ್ರೇ?"

ಆ ಉತ್ತರದಿಂದ ನನಗೆ ಕೋಪ ಬಂತು. ಆಗಲ್ಲ ಅನ್ನುವವನ ಹತ್ತಿರ ನನಗೇನು ಕೆಲಸ? ಇಡೀ ಕೆಲಸವನ್ನು ಕಣ್ಣಾರೆ ನೋಡಿದ್ದೇನೆ, ಪಾಲು ಗೊತ್ತು, ಹದ ಗೊತ್ತು. ಅವ್ವ ಹೊಸ ಮನೆಗೆ ಕಾಲಿಡುವ ದಿನ ಅವಳ ಕೋಣೆ ಬರೀ ಕಾಂಕ್ರೀಟಿನಲ್ಲಿ ಬಿದ್ದಿರಬೇಕಾ? ಸರಿ, ಆಮೇಲೆ ಹೇಳಿ ಕಳಿಸ್ತೀನಿ ಅಂದು ಅವನನ್ನು ಕಳಿಸಿದೆ. ಅವನಿಗೆ ಅರ್ಥವಾಯಿತು. ಹೆಂಡತಿಯ ಕೈಯಲ್ಲಿದ್ದ ಡಬ್ಬವನ್ನು ಹೊಸಲಿನ ಮೇಲೆ ಇಟ್ಟ.

"ನಿಮ್ ಸಾಮಾನು. ಅವ್ವನ ಕೋಣೆಗೆ ಅಂತ ಬೆರೆಸಿದ್ದು. ಒಣದಾಗಿದ್ದಾಗ ಮಂಕಾಗಿ ಕಾಣ್ತದೆ, ಅದಕ್ಕೆ ಬ್ಯಾರೆ ಏನೂ ಸೇರಿಸ್ಬ್ಯಾಡಿ."

ಸಂಜೆ ಬಂದ ಅವ್ವ ಕೋಣೆ ಹಾಗೇ ಇದ್ದದ್ದು ನೋಡಿ ಕೇಳಿದಳು: "ಮೇಸ್ತ್ರಿ ಯಾಕಪ್ಪ ಬರಲಿಲ್ಲ?"

"ಅವರಿಗೆ ಬೇರೆ ಕೆಲಸ ಸಿಕ್ತಂತವ್ವ. ಬೇರೆಯವ್ರು ಬಂದು ಮಾಡ್ತಾರೆ. ನೀನು ಗೃಹಪ್ರವೇಶದ ದಿನವೇ ಬಂದು ನೋಡು."

ಅವನ ತಲೆಯ ಮೇಲೆ ನಾನು ಹೊರಿಸಿದ ಮೊದಲ ಸುಳ್ಳು ಅದು.

ಮಾರನೇ ದಿನ ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಶುರುಮಾಡಿದೆವು. ನೀರು ಕುಡಿಸುವುದನ್ನು ಹಿಂದಿನ ಸಂಜೆ ಮಾಡಿರಲಿಲ್ಲ. ಬೆಳಿಗ್ಗೆ ನಾಲ್ಕು ಕೊಡ ಹೊಯ್ದೆ, ಸಾಕು ಅನ್ನಿಸಿತು. ಡಬ್ಬ ತೆರೆದರೆ ಪುಡಿ ಇಟ್ಟಿಗೆ ಬಣ್ಣಕ್ಕಿಂತ ಮಂಕು. ಬಣ್ಣವನ್ನು ಮನೆಗೆ ಒಯ್ದಿದ್ದರಲ್ಲ, ಒಂದು ಪಾಲು ಉಳಿಸಿಕೊಂಡಿದ್ದಾರೆ ಅಂತ ನನ್ನ ನಿಯಮ ಹೇಳಿತು. ಅವ್ವನ ನೆಲ ಹಜಾರಕ್ಕಿಂತ ಒಂದು ಕೈ ಹೆಚ್ಚೇ ಕೆಂಪಾಗಲಿ ಅಂತ ಆಸೆಯೂ ಇತ್ತು. ಅಂಗಡಿಯಿಂದ ತಂದ ಬಣ್ಣವನ್ನು ಸೋಸದೆ ಮೂರು ಹಿಡಿ ಸುರಿದೆ.

"ಮೇಸ್ತ್ರಿ ಬೇಡ ಅಂದಿದ್ರಲ್ಲ?" ಅಂದಳು ಹೆಂಡತಿ.

"ಅವ್ನು ಅನ್ನೋದೆಲ್ಲಾ ಮಾಡೋಕೆ ಅವನನ್ನೇ ಕರೀಬೋದಿತ್ತಲ್ಲ" ಅಂದೆ.

ಗಾರೆ ಹಾಕಿ ಮಟ್ಟ ಮಾಡುವವರೆಗೆ ಚೆನ್ನಾಗಿಯೇ ಹೋಯಿತು. ಕೆಂಪು ಪಾಕ ಹರಡಿದೆ. ಮೊದಲ ಸಲ ಕರಣೆ ಎಳೆದಾಗ ಅದು ಬೆಣ್ಣೆಯ ಹಾಗೆ ಕೂತಿತು. ಕತ್ತು ಎತ್ತಿ ಹೆಂಡತಿಯ ಮುಖ ನೋಡಿದೆ. ಇದಕ್ಕೇ ಇಷ್ಟು ದೊಡ್ಡಸ್ತಿಕೆಯಾ ಅಂದೆ. ಎರಡನೇ ಸಲ ಎಳೆದು ಹದಕ್ಕೆ ಕಾಯುತ್ತಿರುವಾಗ ಹೊರಗೆ ಯಾರೋ ಕೂಗಿದರು. ವಿಜಯನಗರದಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬರು ಶೆಡ್ಡಿನಲ್ಲಿ ತೇಗದ ಬಾಗಿಲು ನೋಡಿ, ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದಿದ್ದರು. ಹತ್ತು ನಿಮಿಷ ಅಂದುಕೊಂಡು ಎದ್ದೆ. ಅವರೂ ನನ್ನಂಥವರೇ, ಬಿಡುವವರಲ್ಲ. ಬಾಗಿಲ ಮಾತು ಮುಗಿದು ಕೈಗೆ ಕೈ ಕೊಟ್ಟಾಗ ಒಂದು ಗಂಟೆ ಮೇಲಾಗಿತ್ತು.

ಒಳಗೆ ಬಂದು ಹೆಬ್ಬೆರಳು ಒತ್ತಿದೆ. ಗುರುತು ಬೀಳಲಿಲ್ಲ. ಕಿಟಕಿ ಮುಚ್ಚುವುದನ್ನು ಮರೆತಿದ್ದೆ. ಬೇಸಿಗೆಯ ಗಾಳಿ ಕೋಣೆ ತುಂಬ ಆಡುತ್ತಿತ್ತು. ಕರಣೆ ಇಟ್ಟರೆ ಕರಕರ ಅನ್ನುವ ಸದ್ದು. ಆಗಲೇ ಅಗೆದು ತೆಗೆದಿದ್ದರೆ ಒಂದು ಮೂಟೆ ಸಿಮೆಂಟು ಹೋಗುತ್ತಿತ್ತು, ಅಷ್ಟೇ. ನಾನು ನೀರು ಚಿಮುಕಿಸಿ, ಮೇಲೆ ಒಣ ಸಿಮೆಂಟು ಬಣ್ಣ ಉದುರಿಸಿ, ಮೈಯ ಬಲವೆಲ್ಲ ಹಾಕಿ ಎಳೆದೆ. ನುಣ್ಣಗಾಯಿತು. ಮೇಸ್ತ್ರಿ ಹೇಳಿದ್ದ ಹಾಗೇ, ನುಣ್ಣಗೆ ಕಂಡಿತು.

ಹತ್ತು ದಿನದ ನೀರಿನಲ್ಲಿ ಮೂರರಲ್ಲೊಂದು ಪಾಲು ಕಳೆದರೆ ಏಳು ಆಗುತ್ತಿತ್ತು. ಅಷ್ಟೂ ಇರಲಿಲ್ಲ. ಐದು ದಿನ ನಿಲ್ಲಿಸಿದೆ. ಬಳಿದು ತೆಗೆದ ನೀರು ಕುಂಕುಮ ಕದಡಿದ ಹಾಗಿತ್ತು. ಹಜಾರದ ನೀರು ತಿಳಿಯಾಗಿತ್ತಲ್ಲ ಅಂತ ಹೆಂಡತಿ ಅಂದಿದ್ದಕ್ಕೆ, ಹೆಚ್ಚು ಬಣ್ಣ ಹಾಕಿದ್ದೀವಿ, ಸ್ವಲ್ಪ ಬಿಡುತ್ತೆ ಅಂದೆ.

ಗೃಹಪ್ರವೇಶಕ್ಕೆ ಬಂದವರೆಲ್ಲ ಹಜಾರದ ನೆಲ ನೋಡಿ ನಿಂತರು. ಯಾರ ಕೈಯಲ್ಲಿ ಮಾಡಿಸಿದಿರಿ ಅಂತ ಕೇಳಿದರು. "ಯಾರ ಕೈಯೋ, ನಾನೇ ಪಕ್ಕದಲ್ಲಿ ಕೂತು ಮಾಡಿಸಿದ್ದು. ಪಾಲು ಹದ ಎಲ್ಲಾ ನಂದೇ" ಅಂದೆ. ಅವರು ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ.

ಗದ್ದಲ ಇಳಿದ ಮೇಲೆ ಅವ್ವನನ್ನು ಅವಳ ಕೋಣೆಗೆ ಕರೆದುಕೊಂಡು ಹೋದೆ. ಹೊಸ ಸೀರೆ ಉಟ್ಟಿದ್ದಳು. ನಿಧಾನವಾಗಿ ಬಗ್ಗಿ, ಕೈ ಮಗುಚಿ, ನೆಲಕ್ಕೆ ತಾಗಿಸಿ ಎಳೆದಳು. ಎತ್ತಿದಾಗ ಬೆರಳ ಗೆಣ್ಣುಗಳೆಲ್ಲ ಕೆಂಪಗಾಗಿದ್ದವು. ಒಂದು ಗಳಿಗೆ ಕೈಯನ್ನೇ ನೋಡಿದಳು. ಆಮೇಲೆ ಹೊಸ ಸೀರೆಯನ್ನು ಮಂಡಿಯವರೆಗೆ ಎತ್ತಿ ಸಿಕ್ಕಿಸಿಕೊಂಡು, ಗೋಡೆಗೆ ಒರಗಿ, ಕಾಲು ನೀಡಿ ಕೂತಳು.

"ಚೆನ್ನಾಗೈತೆ ಕಣಪ್ಪ" ಅಂದಳು.

ಒಂದು ತಿಂಗಳಲ್ಲಿ ಬಿರುಕು ಬಿಟ್ಟಿತು. ಗುಡಿಸಿದಷ್ಟೂ ಕೆಂಪು ಪುಡಿ. ಅವಳ ಚಾಪೆ, ಸೀರೆಯ ಅಂಚು, ದಿಂಬಿನ ಬಟ್ಟೆ ಎಲ್ಲದರಲ್ಲೂ ಅದೇ. ಅಂಗಾಲಂತೂ ಸದಾ ಕೆಂಪು. ಹಜಾರಕ್ಕೆ ಬರುವ ಮುಂಚೆ ಹೊಸಲಿನ ಹತ್ತಿರ ಒಂದು ಗೋಣಿಚೀಲ ಹಾಕಿಕೊಂಡು, ಎರಡೂ ಕಾಲು ಚೆನ್ನಾಗಿ ಒರೆಸಿಕೊಂಡೇ ಬರುತ್ತಿದ್ದಳು. ವಕೀಲರ ಮನೆಯ ಹಿತ್ತಿಲಿಂದ ಒಳಗೆ ಹೋಗುವಾಗ ಹಾಗೇ ಒರೆಸಿಕೊಳ್ಳುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ.

ಮಳೆಗಾಲ ಮುಗಿದ ಮೇಲೆ ಮೇಸ್ತ್ರಿಯನ್ನು ಕರೆದುಕೊಂಡು ಬಂದೆ. ಬೈಯಲಿಲ್ಲ. ಉಗುರಿನಿಂದ ಒಂದು ಗೀರು ಎಳೆದ, ಉಗುರಿನ ತುಂಬ ಪುಡಿ ಬಂತು.

"ಮೇಲೊಂದು ಪದರ ಬಳಿಯೋಕಾಗುತ್ತಾ ಮೇಸ್ತ್ರಿ?"

"ಬಳ್ಯೋರು ಸಿಕ್ತಾರೆ ಯಜಮಾನ್ರೇ. ನಾನು ಬಳ್ಯಲ್ಲ. ಇದನ್ನ ಒಡ್ದು ತೆಗೀಬೇಕು. ಅವ್ವ ಹದಿನೈದು ದಿನ ಆಚೆ ಮನ್ಗಲಿ, ಹೊಸದಾಗಿ ಮಾಡ್ಕೊಡ್ತೀನಿ. ಮಾತು ಕೊಟ್ಟಿದ್ದೆ."

ಅವ್ವ ಬಾಗಿಲಲ್ಲಿ ನಿಂತಿದ್ದಳು. "ಒಡೀಬ್ಯಾಡಿ" ಅಂದಳು. "ಇರ್ಲಿ ಬುಡಪ್ಪ ಮೇಸ್ತ್ರಿ. ನನ್ ಮಗ ಕೈಯಾರೆ ಮಾಡೌನೆ."

ಕೈ ಕೆಂಪಗಾದ ಮೊದಲ ದಿನವೇ ಅವಳಿಗೆ ಗೊತ್ತಾಗಿತ್ತು. ಬೇರೆಯವರು ಮಾಡ್ತಾರೆ ಅಂತ ನಾನು ಹೇಳಿದ್ದು, ಮೇಸ್ತ್ರಿಯ ಮೇಲೆ ಹೊರಿಸಿದ್ದು, ಎಲ್ಲಾ. ಮೇಸ್ತ್ರಿ ನನ್ನ ಮುಖ ನೋಡಿದ. ಒಡೀರಿ ಅಂತ ನಾನು ಒಂದು ಮಾತು ಹೇಳಿದ್ದರೆ ಅವನು ಅವತ್ತೇ ಉಳಿ ಸುತ್ತಿಗೆ ತೆಗೆಯುತ್ತಿದ್ದ. ಆದರೆ ವ್ಯಾಪಾರದಲ್ಲಿ ಎದುರಿನವರು ತಾವಾಗಿಯೇ ಇಳಿದರೆ ನಾನು ಎರಡನೇ ಸಲ ಕೇಳುವವನಲ್ಲ. ಅವ್ವ ಬೇಡ ಅಂದಳು, ನಾನು ಬಿಟ್ಟೆ. ಮೇಸ್ತ್ರಿ ಕೈ ತೊಳೆದುಕೊಂಡು, ಬರ್ತೀನಿ ಕಣವ್ವ ಅಂತ ಅವಳಿಗೊಬ್ಬಳಿಗೇ ಹೇಳಿ ಹೋದ.

ಅದಾದ ಮೇಲೆ ಅವ್ವ ಶುರುಮಾಡಿದಳು. ವಾರಕ್ಕೊಂದು ಸಲ ಕೊಬ್ಬರಿ ಎಣ್ಣೆಯ ಬಟ್ಟೆ ಹಿಡಿದು ಮಂಡಿಯೂರುವುದು. ಎಣ್ಣೆ ಕುಡಿದರೆ ಪುಡಿ ಕೂರುತ್ತೆ ಅನ್ನುವ ನಂಬಿಕೆ. ಕೂರಲಿಲ್ಲ. ಪುಡಿ ಎಣ್ಣೆಗೆ ಸೇರಿ ಕೆಸರಾಗುತ್ತಿತ್ತು. ಬೇಡ ಬುಡವ್ವ ಅಂತ ನಾನೂ ಹೆಂಡತಿಯೂ ಎಷ್ಟೋ ಸಲ ಬಟ್ಟೆ ಕಿತ್ತುಕೊಂಡಿದ್ದೇವೆ. "ಊರೋರ ನೆಲ ಉಜ್ಜಿದ್ದೀನಿ, ನಂದು ಉಜ್ಜಿದ್ರೆ ಸವೆದೋಗ್ತೀನಾ?" ಅನ್ನುತ್ತಿದ್ದಳು. ಏಳು ವರ್ಷ ಉಜ್ಜಿದಳು. ಕೊನೆಕೊನೆಗೆ ಮಂಡಿ ಬಗ್ಗದೆ ಕೂತಲ್ಲಿಂದಲೇ, ಕೈಗೆ ಎಟುಕಿದಷ್ಟು.

ಅವಳು ಹೋದ ಮಾರನೇ ವರ್ಷ ಆ ಕೋಣೆಗೆ ಟೈಲ್ಸ್ ಹಾಕಿಸಿದೆ. ಈ ಸಲ ಕೂಲಿಯ ಮಾತಲ್ಲಿ ಚೌಕಾಶಿ ಮಾಡಲಿಲ್ಲ, ಎಷ್ಟು ದಿನ ಅಂತಲೂ ಕೇಳಲಿಲ್ಲ. ಟೈಲ್ಸ್‌ನವನು ಹಳೇ ನೆಲಕ್ಕೆ ಉಳಿ ಇಟ್ಟು ಒಂದೇಟು ಹಾಕಿದ. ಹಪ್ಪಳದ ಹಾಗೆ ಎದ್ದು ಬಂತು. ಅರ್ಧ ಗಂಟೆ ಹಿಡಿಯಲಿಲ್ಲ. ಒಂದು ಚಕ್ಕೆಯನ್ನು ಕೈಯಲ್ಲಿ ಪುಡಿ ಮಾಡಿ ನೋಡಿದ. ಬಾಗಿಲಿನಿಂದಾಚೆ ಹಜಾರದ ನೆಲ ಕಾಣುತ್ತಿತ್ತು, ಬೆಳಿಗ್ಗೆಯ ಬಿಸಿಲಿಗೆ ಕಿಟಕಿಯ ಸರಳುಗಳು ಅದರಲ್ಲಿ ನೇರವಾಗಿ ಮೂಡಿದ್ದವು. ಎರಡನ್ನೂ ನೋಡಿದ.

"ಸಾರ್, ಹಾಲ್‌ನ ನೆಲ ಯಾರು ಮಾಡಿದ್ದು? ಕಲ್ ಇದ್ದಂಗಿದೆ."

"ನಾನೇ ನಿಂತು ಮಾಡಿಸಿದ್ದು" ಅಂದೆ. ಎಷ್ಟೋ ವರ್ಷದಿಂದ ನಾಲಿಗೆಗೆ ಅಭ್ಯಾಸವಾದ ಉತ್ತರ.

"ಮತ್ತೆ ಇದನ್ನ ಯಾವನ್ ಸಾರ್ ಮಾಡಿದ್ದು?"

ಕಿಟಕಿಯ ಸರಳಿಗೆ ಅವ್ವನ ಎಣ್ಣೆ ಬಟ್ಟೆ ಇನ್ನೂ ಸಿಕ್ಕಿಸಿದಂತೆಯೇ ಇತ್ತು.

"ಯಾರೋ ಒಬ್ಬ ಮೇಸ್ತ್ರಿ. ಹೆಸರು ನೆನಪಿಲ್ಲ."

"ಕಳ್ಳ ನನ್ಮಗ. ಕೆಲಸ ಗೊತ್ತಿಲ್ದೆ ಇದ್ರೂ ಒಪ್ಕೊಂಡ್ಬುಡ್ತಾರೆ ಸಾರ್ ಇಂಥೋರು, ವಯಸ್ಸಾದೋರ ಕೋಣೆ ಅಂತಾನೂ ನೋಡಲ್ಲ."

"ಹೂಂ" ಅಂದೆ.